ಮಗ ಫುಟ್‌ಬಾಲ್ ಆಡ್ತೀನಿ ಅಂದ: ಅಮೆರಿಕದ ಕನ್ನಡ ಅಪ್ಪ-ಅಮ್ಮಂದಿರಿಗೆ ಹೈಸ್ಕೂಲಿನಿಂದ ಎನ್‌ಎಫ್‌ಎಲ್‌ವರೆಗಿನ ದಾರಿ

ಎಂಟನೇ ಕ್ಲಾಸ್ ಮುಗಿಯುವ ಹೊತ್ತಿಗೆ ನನ್ನ ಮಗ ಒಂದು ಫಾರಂ ತಂದು ಊಟದ ಟೇಬಲ್ ಮೇಲಿಟ್ಟ. ಸೈನ್ ಹಾಕಪ್ಪಾ ಅಂದ. ಸಾಕರ್ ಇರಬೇಕು ಅಂದುಕೊಂಡು ಪೆನ್ ತೆಗೆದೆ. ಕಣ್ಣಾಡಿಸಿದರೆ ಫುಟ್‌ಬಾಲ್. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಾರಲ್ಲ, ಆ ಫುಟ್‌ಬಾಲ್. ನನ್ನ ಹೆಂಡತಿ ಒಗ್ಗರಣೆ ಸೌಟು ಹಿಡಿದುಕೊಂಡೇ ಆಚೆ ಬಂದು, "ಕೈಕಾಲು ಮುರ್ಕೊಳ್ಳೋಕಾ ಇಷ್ಟು ವರ್ಷ ಸಾಕಿದ್ದು?" ಎಂದಳು.

ಫಾರಂ ಎರಡು ದಿನ ಅಲ್ಲೇ ಬಿದ್ದಿತ್ತು. ಮೂರನೇ ದಿನ ಸೈನ್ ಹಾಕಿದೆ. ಅಲ್ಲಿಂದ ಅವನು ಒಂದು ಸಣ್ಣ ಕಾಲೇಜಿನ ತಂಡ ಸೇರುವವರೆಗೆ ನಾವು ಎಡವುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಆಟವೂ ಗೊತ್ತಿಲ್ಲ, ಅದರ ಹಿಂದಿರುವ ಕಾಗದ ಪತ್ರವೂ ಗೊತ್ತಿಲ್ಲ. ಆಟವನ್ನು ಮಕ್ಕಳು ಕಲಿತುಕೊಳ್ಳುತ್ತಾರೆ. ಕಾಗದ ಪತ್ರ ನಮ್ಮ ತಲೆಗೇ ಬರುತ್ತದೆ.

ಮೊದಲು ಲೆಕ್ಕ

ನಾವಿರುವುದು ಡಲ್ಲಾಸ್‌ನ ಉತ್ತರಕ್ಕೆ. ಹತ್ತಿರದ ಅಲೆನ್ ಹೈಸ್ಕೂಲಿನ ಸ್ಟೇಡಿಯಂನಲ್ಲಿ 18,000 ಜನ ಕೂರಬಹುದು. 2012ರಲ್ಲಿ ಸುಮಾರು 6 ಕೋಟಿ ಡಾಲರ್ ಸುರಿದು ಕಟ್ಟಿದರು. ಎರಡೇ ವರ್ಷಕ್ಕೆ ಕಾಂಕ್ರೀಟ್ ಬಿರುಕು ಬಿಟ್ಟಿತು, ಮುಚ್ಚಿ ರಿಪೇರಿ ಮಾಡಿ 2015ರಲ್ಲಿ ಮತ್ತೆ ತೆರೆದರು. ಹೈಸ್ಕೂಲಿನ ಸ್ಟೇಡಿಯಂ ಇದು, ನೆನಪಿರಲಿ! ಶುಕ್ರವಾರ ರಾತ್ರಿ ಬ್ಯಾಂಡ್ ಬಾರಿಸುತ್ತ ಬಂದರೆ ನಮ್ಮೂರ ಜಾತ್ರೆಯಲ್ಲಿ ತೇರು ಹೊರಟ ಹಾಗಿರುತ್ತದೆ. ಶುಕ್ರವಾರ ಹೈಸ್ಕೂಲ್, ಶನಿವಾರ ಕಾಲೇಜು, ಭಾನುವಾರ ದುಡ್ಡಿಗೆ ಆಡುವ ಪ್ರೊ ಆಟಗಾರರ ಲೀಗ್ ಎನ್‌ಎಫ್‌ಎಲ್ ಅನ್ನುವ ಈ ಪದ್ಧತಿಯ ಹಿಂದೆ 1961ರ ಒಂದು ಕಾಯ್ದೆಯೂ ಇದೆ. ಶಾಲೆ-ಕಾಲೇಜುಗಳ ಆಟದ ಹೊತ್ತಿಗೆ ಪ್ರೊ ಪಂದ್ಯಗಳು ಟಿವಿಯಲ್ಲಿ ಅಡ್ಡ ಬರಬಾರದು ಅಂತ.

ಇದೇ ಅಲೆನ್ ಶಾಲೆಗೆ ಕೈಲರ್ ಮರ್ರೆ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡ ನಡೆಸುವವನು) ಆಗಿ ಆಡಿದ 42 ಪಂದ್ಯವನ್ನೂ ಗೆದ್ದ. 2019ರಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವಾಗ, ಮೊಟ್ಟಮೊದಲ ಹೆಸರು ಅವನದೇ. ಇಂಥ ಕಥೆ ಕೇಳಿ ಮಕ್ಕಳು ಕನಸು ಕಾಣುತ್ತಾರೆ, ಕಾಣಲಿ. ಆದರೆ ಮನೆಯಲ್ಲಿ ಒಬ್ಬರಿಗಾದರೂ ಲೆಕ್ಕ ಗೊತ್ತಿರಬೇಕು. ಅಮೆರಿಕದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಆಡುವ ಹುಡುಗರು 10 ಲಕ್ಷಕ್ಕೂ ಜಾಸ್ತಿ. ಅವರಲ್ಲಿ 100ಕ್ಕೆ ಸುಮಾರು 7 ಮಂದಿ ಎನ್‌ಸಿಎಎ (ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ) ಕಾಲೇಜುಗಳಲ್ಲಿ ಆಡುತ್ತಾರೆ. ಆ ಕಾಲೇಜು ಆಟಗಾರರಲ್ಲಿ ಎನ್‌ಎಫ್‌ಎಲ್ ಮುಟ್ಟುವವರು 100ಕ್ಕೆ ಇಬ್ಬರೂ ಇಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಒಂದು ಮಾತು ಆಯಿತು. ಎನ್‌ಎಫ್‌ಎಲ್ ಅವನ ಕನಸು, ಒಳ್ಳೆಯ ಕಾಲೇಜು ನಮ್ಮ ಗುರಿ. ಎರಡಕ್ಕೂ ದಾರಿ ಬಹಳ ದೂರದವರೆಗೆ ಒಂದೇ.

ಹೆಜ್ಜೆ 1: ಸೈನ್ ಹಾಕುವ ಮುಂಚೆ

ಆ ಫಾರಂ ಜೊತೆ ಡಾಕ್ಟರ್ ತಪಾಸಣೆಯ ಒಂದು ಹಾಳೆ ಇರುತ್ತದೆ. ಅದರಲ್ಲಿ ಮನೆಯವರ ಹೃದಯದ ಬಗ್ಗೆ ಕೇಳುತ್ತಾರೆ. ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡ ಮಾವ, ದೊಡ್ಡಪ್ಪ ಯಾರಾದರೂ ಇದ್ದರೆ ಬರೆಯಿರಿ. ಊರಿಗೆ ಫೋನ್ ಮಾಡಿ ಕೇಳಿ. ಎಲ್ಲದಕ್ಕೂ ಸುಮ್ನೆ ಇಲ್ಲ, ಇಲ್ಲ ಅಂತ ಟಿಕ್ ಹಾಕಬೇಡಿ.

ಆಗಸ್ಟ್‌ನ ಬಿಸಿಲು ಎರಡನೇ ಭಯ. ಟೆಕ್ಸಸ್‌ನಲ್ಲಿ ಆಗ 38 ಡಿಗ್ರಿ ಮಾಮೂಲು. ಒಳ್ಳೆಯ ಕೋಚ್ ಮೊದಲ ದಿನವೇ ಪೂರ್ತಿ ಪ್ಯಾಡ್ ಹಾಕಿಸುವುದಿಲ್ಲ. ಮೊದಲು ಬರೀ ಹೆಲ್ಮೆಟ್, ಆಮೇಲೆ ಶೋಲ್ಡರ್ ಪ್ಯಾಡ್, ಮೈ ಬಿಸಿಲಿಗೆ ಒಗ್ಗಿದ ಮೇಲೆ ಉಳಿದದ್ದು. ಅಪ್ಪ-ಅಮ್ಮಂದಿರ ಮೀಟಿಂಗ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: ಮೈದಾನದ ಪಕ್ಕದಲ್ಲಿ ಐಸ್ ನೀರಿನ ತೊಟ್ಟಿ ಇಟ್ಟಿರುತ್ತೀರಾ? ಬಿಸಿಲಿಗೆ ಕುಸಿದ ಹುಡುಗನನ್ನು ಮೊದಲು ತಣ್ಣೀರಲ್ಲಿ ಮುಳುಗಿಸಿ, ಮೈ ತಣ್ಣಗಾದ ಮೇಲೆ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಪ್ರಶ್ನೆಗೆ ಉತ್ತರ ತಡವರಿಸಿದರೆ ಆ ತಂಡದ ಬಗ್ಗೆ ಯೋಚನೆ ಮಾಡಿ.

ಇನ್ನು ತಲೆ. ಹತ್ತನೇ ಕ್ಲಾಸಿನಲ್ಲಿ ಒಂದು ಪಂದ್ಯ ಮುಗಿಸಿ ಕಾರಲ್ಲಿ ಬರುತ್ತಿದ್ದೆವು. "ಸ್ಕೋರ್ ಎಷ್ಟಾಯ್ತಪ್ಪ?" ಎಂದ. ಹೇಳಿದೆ. ಎರಡು ಸಿಗ್ನಲ್ ದಾಟಿದ ಮೇಲೆ ಮತ್ತೆ, "ಸ್ಕೋರ್ ಎಷ್ಟಾಯ್ತು?" ತಮಾಷೆ ಅಂದುಕೊಂಡೆ. ಮೂರನೇ ಸಲ ಕೇಳಿದಾಗ ಕಾರು ತಿರುಗಿಸಿ ಸೀದಾ ಎಮರ್ಜೆನ್ಸಿಗೆ ಹೋದೆ. ಕನ್ಕಷನ್, ಅಂದರೆ ಪೆಟ್ಟಿಗೆ ಮಿದುಳು ಅಲುಗಿತ್ತು. ಹೊರಗೆ ಕೂರಿಸುತ್ತಾರೆ ಅಂತ ಹೆದರಿ ಟ್ರೇನರ್‌ಗೆ ಹೇಳಿರಲಿಲ್ಲ. ಮಕ್ಕಳು ಹೇಳುವುದಿಲ್ಲ, ನಾವೇ ನೋಡಬೇಕು. ತಲೆಗೆ ಪೆಟ್ಟಾದ ಅನುಮಾನ ಬಂದರೆ ಅವತ್ತು ಮತ್ತೆ ಆಡಿಸುವಂತಿಲ್ಲ. ಡಾಕ್ಟರ್ ಒಪ್ಪಿದ ಮೇಲೂ ಒಂದೊಂದೇ ಮೆಟ್ಟಿಲು ಹತ್ತಬೇಕು, ಒಂದೊಂದು ಮೆಟ್ಟಿಲಿಗೆ ಕನಿಷ್ಠ ಒಂದು ದಿನ.

ಮುಚ್ಚಿಟ್ಟು ಪ್ರಯೋಜನವಿಲ್ಲ. 2017ರಲ್ಲಿ ಬಾಸ್ಟನ್ ಯೂನಿವರ್ಸಿಟಿಯವರು ತೀರಿಕೊಂಡ 111 ಎನ್‌ಎಫ್‌ಎಲ್ ಆಟಗಾರರ ಮಿದುಳು ಪರೀಕ್ಷಿಸಿದಾಗ 110ರಲ್ಲಿ ಸಿಟಿಇ ಅನ್ನುವ, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಬರುವ ಕಾಯಿಲೆ ಕಂಡಿತು. ಮೊದಲೇ ತೊಂದರೆಯ ಅನುಮಾನ ಇದ್ದ ಮನೆಯವರೇ ಹೆಚ್ಚಾಗಿ ಮಿದುಳು ದಾನ ಮಾಡಿದ್ದರು. ಹಾಗಾಗಿ ಎಲ್ಲ ಆಟಗಾರರಿಗೂ ಅದೇ ಲೆಕ್ಕ ಹಾಕಲು ಬರುವುದಿಲ್ಲ. ಆದರೂ ಸಣ್ಣ ವಿಷಯವಲ್ಲ. ಇದನ್ನು ಓದಿ ಬೇಡ ಅನ್ನಿಸಿದರೆ ಬೇಡ ಅನ್ನಿ, ಅದರಲ್ಲಿ ತಪ್ಪೇನೂ ಇಲ್ಲ.

ಹೆಜ್ಜೆ 2: ಕೋರ್ಸ್ ಪಟ್ಟಿ, ಒಂಬತ್ತನೇ ಕ್ಲಾಸಿನಲ್ಲೇ

ನಮ್ಮವರ ಮಕ್ಕಳಿಗೆ ಓದಿನ ಚಿಂತೆ ಯಾಕೆ ಅಂತ ನಾನೂ ಅಂದುಕೊಂಡಿದ್ದೆ. ಇಲ್ಲಿ ಚಿಂತೆ ಮಾರ್ಕ್ಸ್‌ದಲ್ಲ, ಪಟ್ಟಿಯದು.

ಡಿವಿಷನ್ 1 ಅಥವಾ 2, ಅಂದರೆ ಎನ್‌ಸಿಎಎಯ ಮೇಲಿನ ಎರಡು ದರ್ಜೆಯ ಕಾಲೇಜಿನಲ್ಲಿ ಆಡಬೇಕಾದರೆ ಎನ್‌ಸಿಎಎ ಒಪ್ಪಿದ 16 ಕೋರ್ ಕೋರ್ಸ್ ಮುಗಿಸಿರಬೇಕು. ಡಿವಿಷನ್ 1ಕ್ಕೆ ಇಂಗ್ಲಿಷ್ 4 ವರ್ಷ, ಆಲ್ಜೀಬ್ರಾ 1ರಿಂದ ಮೇಲಿನ ಗಣಿತ 3, ವಿಜ್ಞಾನ 2, ಸಮಾಜ 2. ಈ ಮೊದಲ ಮೂರರಲ್ಲೇ ಇನ್ನೊಂದು ವರ್ಷ. ಉಳಿದ 4 ಇವುಗಳಲ್ಲಿ ಯಾವುದಾದರೂ ಆಗಬಹುದು, ಬೇರೆ ಭಾಷೆಯೂ ಆಗಬಹುದು. ಈ ಕೋರ್ಸ್‌ಗಳದ್ದೇ ಜಿಪಿಎ (ಗ್ರೇಡ್‌ಗಳ ಸರಾಸರಿ) ಡಿವಿಷನ್ 1ಕ್ಕೆ 2.3, ಡಿವಿಷನ್ 2ಕ್ಕೆ 2.2 ಇರಬೇಕು. ಎಸ್‌ಎಟಿ ಅಂಕ ಈಗ ಎನ್‌ಸಿಎಎಗೆ ಬೇಕಿಲ್ಲ. ಕಾಲೇಜು ಕೇಳಿದರೆ ಅದು ಬೇರೆ ಮಾತು.

ಇಷ್ಟೇ ತಾನೇ ಅನ್ನಿಸುತ್ತದೆ, ಅಲ್ವಾ? ಇದರಲ್ಲಿ ಎರಡು ಕಡೆ ಕಾಲು ಜಾರುತ್ತದೆ.

ಒಂದು, ಡಿವಿಷನ್ 1ಕ್ಕೆ 16ರಲ್ಲಿ 10 ಕೋರ್ಸ್ ಸೀನಿಯರ್ ವರ್ಷ, ಅಂದರೆ ಹನ್ನೆರಡನೇ ಕ್ಲಾಸು ಶುರುವಾಗುವ ಮುಂಚೆಯೇ ಮುಗಿದಿರಬೇಕು. ಆ 10ರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದಲ್ಲಿರಬೇಕು. ಆ 10ರ ಗ್ರೇಡ್ ಅಲ್ಲಿಗೆ ಬೀಗ ಹಾಕಿದ ಹಾಗೆ. ಆಮೇಲೆ ಮತ್ತೆ ಅದೇ ಕೋರ್ಸ್ ತೆಗೆದುಕೊಂಡು ಗ್ರೇಡ್ ಏರಿಸಲು ಆಗುವುದಿಲ್ಲ.

ಎರಡು, ಶಾಲೆ ಕ್ರೆಡಿಟ್ ಕೊಟ್ಟ ಮಾತ್ರಕ್ಕೆ ಎನ್‌ಸಿಎಎ ಒಪ್ಪಬೇಕೆಂದಿಲ್ಲ. ನಾವು ಬಿದ್ದದ್ದು ಇಲ್ಲೇ. ಮಗ ಬೇಸಿಗೆ ರಜೆಯಲ್ಲಿ ಸಮಾಜದ ಒಂದು ಕೋರ್ಸನ್ನು ಆನ್‌ಲೈನ್‌ನಲ್ಲಿ ಮುಗಿಸಿದ. ಕೌನ್ಸೆಲರ್ ಓಕೆ ಅಂದರು, ಶಾಲೆ ಕ್ರೆಡಿಟ್ಟೂ ಕೊಟ್ಟಿತು. ಒಂದೂವರೆ ವರ್ಷದ ಮೇಲೆ ನೋಡಿದರೆ ಅದು ಎನ್‌ಸಿಎಎ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ವಿಡಿಯೊ ನೋಡಿ ಕ್ವಿಜ್ ಒತ್ತಿ ಮುಗಿಸುವ ಕೋರ್ಸ್ ಅವರಿಗೆ ಆಗದು. ಪಾಠ ಹೇಳುವ ಟೀಚರ್ ಜೊತೆ ನಿಯಮಿತವಾಗಿ ಒಡನಾಟ ಇರಬೇಕು. ಸೀನಿಯರ್ ವರ್ಷದಲ್ಲಿ ಅವನು ಇಷ್ಟಪಟ್ಟು ಆರಿಸಿಕೊಂಡಿದ್ದ ಫೋಟೊಗ್ರಫಿ ಬಿಟ್ಟು ಇನ್ನೊಂದು ಸಮಾಜದ ಕೋರ್ಸ್ ಹಿಡಿಯಬೇಕಾಯಿತು.

ಆದ್ದರಿಂದ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನ ವೆಬ್‌ಸೈಟಿಗೆ ಹೋಗಿ ನಿಮ್ಮ ಶಾಲೆಯ ಹೆಸರು ಹಾಕಿ. ಒಪ್ಪಿದ ಕೋರ್ಸ್‌ಗಳ ಪಟ್ಟಿ ಬರುತ್ತದೆ. ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿ. ಪ್ರತಿ ಸಲ ಕೋರ್ಸ್ ಆರಿಸುವಾಗ ಅದರಲ್ಲಿರುವ ಹೆಸರಿಗೆ ಅಕ್ಷರಕ್ಕಕ್ಷರ ಹೋಲಿಸಿ ನೋಡಿ. ನಮ್ಮ ಬಹಳ ಮಕ್ಕಳು ಆಲ್ಜೀಬ್ರಾವನ್ನು ಎಂಟನೇ ಕ್ಲಾಸಿನಲ್ಲೇ ಮುಗಿಸುತ್ತಾರೆ. ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಗ್ರೇಡ್ ಮತ್ತು ಕ್ರೆಡಿಟ್ ಸಮೇತ ಬಂದರೆ ಅದೂ ಲೆಕ್ಕಕ್ಕೆ ಬರುತ್ತದೆ. ಬಂದಿದೆಯೋ ಇಲ್ಲವೋ ಕೇಳಿ.

ಟೆಕ್ಸಸ್‌ನವರಿಗೆ ಇನ್ನೊಂದು: ಯಾವುದಾದರೂ ಒಂದು ವಿಷಯದಲ್ಲಿ 70ಕ್ಕಿಂತ ಕೆಳಗೆ ಬಂದರೆ ಮೂರು ವಾರ ಪಂದ್ಯ ಇಲ್ಲ. ಪ್ರಾಕ್ಟೀಸ್‌ಗೆ ಹೋಗಬಹುದು ಅಷ್ಟೇ. 1984ರಿಂದ ಇರುವ ಕಾನೂನು. ನನ್ನ ಹೆಂಡತಿಗೆ ಈ ಇಡೀ ಆಟದಲ್ಲಿ ತುಂಬಾ ಹಿಡಿಸಿದ ನಿಯಮ ಇದೊಂದೇ.

ಹೆಜ್ಜೆ 3: ಮೈ, ಊಟ, ಆಡುವ ಜಾಗ

ಫುಟ್‌ಬಾಲ್‌ನಲ್ಲಿ ಮೈಕಟ್ಟೇ ಜಾಗ ಹೇಳುತ್ತದೆ. ಮುಂದೆ ಗೋಡೆಯ ಹಾಗೆ ನಿಲ್ಲುವ ಲೈನ್‌ಮನ್‌ಗಳನ್ನು ದೊಡ್ಡ ಕಾಲೇಜುಗಳು ಆರಡಿ ಮೂರಿಂಚು ಮೇಲೆಯೇ ಹುಡುಕುತ್ತವೆ, 125 ಕೆಜಿ ಮೇಲೆ ತೂಕ. ನಮ್ಮ ಮನೆಗಳಲ್ಲಿ ಅಂಥ ಮಕ್ಕಳು ಕಡಿಮೆ. ಓಟ ಚೆನ್ನಾಗಿದ್ದರೆ ಎಸೆದ ಚೆಂಡು ಹಿಡಿಯುವ ರಿಸೀವರ್, ಅವನನ್ನು ತಡೆಯುವ ಡಿಫೆನ್ಸಿವ್ ಬ್ಯಾಕ್ ಆಗಬಹುದು. ಸಾಕರ್ ಆಡಿದ ಮಗುವಾದರೆ ಚೆಂಡು ಒದೆಯುವ ಕಿಕ್ಕರ್. ಈ ಕೊನೆಯದನ್ನು ನಮ್ಮವರು ಯಾರೂ ಯೋಚಿಸುವುದೇ ಇಲ್ಲ. ಕಿಕ್ಕರ್‌ಗೆ ಕಾಲಿನ ಲಯ ಮುಖ್ಯ, ತೂಕ ಅಲ್ಲ. ಆದರೆ ಒಂದು ತಂಡಕ್ಕೆ ಬೇಕಾಗುವುದು ಒಬ್ಬನೋ ಇಬ್ಬರೋ. ಹಾಗಾಗಿ ಮೊದಲ ದಿನವೇ ಸ್ಕಾಲರ್‌ಶಿಪ್ ಸಿಗುವುದು ಅಪರೂಪ.

ಭಾರತದ ರಕ್ತ ಇರುವವರು ಎನ್‌ಎಫ್‌ಎಲ್ ಆಡಿಲ್ಲವೇ? ಆಡಿದ್ದಾರೆ. ತಂದೆ ಕಡೆಯಿಂದ ಭಾರತೀಯ ಮೂಲದ ಬ್ರ್ಯಾಂಡನ್ ಚಿಲ್ಲರ್ ಯುಸಿಎಲ್‌ಎಯಿಂದ ಬಂದು 2004ರಲ್ಲಿ ಡ್ರಾಫ್ಟ್ ಆಗಿ, ರ್‍ಯಾಮ್ಸ್ ಮತ್ತು ಪ್ಯಾಕರ್ಸ್ ತಂಡಗಳಿಗೆ ಲೈನ್‌ಬ್ಯಾಕರ್ (ಎದುರಾಳಿಯನ್ನು ತಡೆಯುವವರಲ್ಲಿ ಒಬ್ಬ) ಆಗಿ ಆಡಿದರು. ಸಂಜಯ್ ಲಾಲ್ ಹಲವು ತಂಡಗಳಲ್ಲಿ ರಿಸೀವರ್‌ಗಳ ಕೋಚ್ ಆಗಿದ್ದಾರೆ.

ಊಟದ ವಿಷಯ. ನಮ್ಮದು ಸಸ್ಯಾಹಾರಿ ಮನೆ. ಕೋಚ್ ಮೊದಲು ಹುಬ್ಬೇರಿಸಿದರು. ಬೆಳಗ್ಗೆ ಎರಡು ದೋಸೆ ತಿನ್ನುತ್ತಿದ್ದವನು ಆರಕ್ಕೆ ಬಂದ. ಪಲ್ಯದ ಜಾಗಕ್ಕೆ ಕಾಳು ಉಸಲಿ, ಪನೀರ್, ಲೋಟಗಟ್ಟಲೆ ಮಜ್ಜಿಗೆ ಬದಲು ಗಟ್ಟಿ ಮೊಸರು. ರಾತ್ರಿ ಮುದ್ದೆ ಸಾರು. ಪ್ರೋಟೀನ್ ಪುಡಿ ಕೊಡುವುದಾದರೆ ಡಬ್ಬಿಯ ಮೇಲೆ ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್ ಅನ್ನುವ ಗುರುತು ನೋಡಿ. ಸಿಕ್ಕಿದ ಡಬ್ಬಿ ತಂದು ಅದರಲ್ಲಿ ನಿಷೇಧಿತ ವಸ್ತು ಇದ್ದರೆ, ಗೊತ್ತಿರಲಿಲ್ಲ ಅಂದರೆ ಕಾಲೇಜಿನಲ್ಲಿ ಯಾರೂ ಕೇಳುವುದಿಲ್ಲ.

ಹೆಜ್ಜೆ 4: ವಿಡಿಯೊ

ಕಾಲೇಜು ಕೋಚ್ ನಿಮ್ಮ ಮಗನನ್ನು ಮೊದಲು ನೋಡುವುದು ಫೋನಿನಲ್ಲಿ. ಬಹುತೇಕ ಶಾಲೆಗಳು ಪಂದ್ಯದ ವಿಡಿಯೊವನ್ನು ಹಡಲ್ ಅನ್ನುವ ತಾಣಕ್ಕೆ ಹಾಕುತ್ತವೆ. ಅಲ್ಲಿಂದ ತುಣುಕು ಆರಿಸಿ ಮೂರ್ನಾಲ್ಕು ನಿಮಿಷದ ಹೈಲೈಟ್ ಮಾಡಬೇಕು.

ನಾವು ಮಾಡಿದ ಮೊದಲ ವಿಡಿಯೊ ಮದುವೆ ವಿಡಿಯೊ ತರ ಇತ್ತು. ಹೆಸರು ತಿರುಗುತ್ತ ಬರುವುದು, ಹಿನ್ನೆಲೆಯಲ್ಲಿ ಹಾಡು, ಮುಖದ ಫೋಟೊ. ಆಟ ಶುರುವಾಗುವ ಹೊತ್ತಿಗೆ 40 ಸೆಕೆಂಡ್ ಕಳೆದಿತ್ತು. ಮಗನ ಕೋಚ್ ನೋಡಿ ನಕ್ಕುಬಿಟ್ಟರು. ಅಷ್ಟೊತ್ತಿಗೆ ಕಾಲೇಜಿನವರು ಮುಂದಿನ ಹುಡುಗನಿಗೆ ಹೋಗಿರುತ್ತಾರೆ ಎಂದರು. ಮೊದಲ ಹಾಳೆಯಲ್ಲಿ ಹೆಸರು, ಶಾಲೆ, ಪಾಸಾಗುವ ವರ್ಷ, ಎತ್ತರ, ತೂಕ, ಜಿಪಿಎ, ಫೋನ್ ಇದ್ದರೆ ಸಾಕು. ಅದರ ಹಿಂದೆಯೇ ಅವನ ಅತ್ಯುತ್ತಮ ಐದು ಆಟ. ಕಾಲಕ್ರಮ ಬೇಡ. ಪ್ರತಿ ತುಣುಕಲ್ಲೂ ಚೆಂಡು ಬಿಡುವ ಮುಂಚೆ ಒಂದು ಕ್ಷಣ ನಿಲ್ಲಿಸಿ ಅವನ ಸುತ್ತ ವೃತ್ತ ಹಾಕಿ, ಇಲ್ಲದಿದ್ದರೆ 22 ಹೆಲ್ಮೆಟ್‌ಗಳಲ್ಲಿ ಅವನನ್ನು ಹುಡುಕುವವರು ಯಾರು?

ಎತ್ತರ ಎರಡಿಂಚು ಏರಿಸಿ ಬರೆಯಬೇಡಿ. ಕ್ಯಾಂಪ್‌ಗೆ ಹೋದ ದಿನ ಟೇಪ್ ಹಿಡಿಯುತ್ತಾರೆ.

ಹೆಜ್ಜೆ 5: ಕೋಚ್‌ಗಳಿಗೆ ಬರೆಯುವುದು, ಮೆಟ್ಟಿಲು ಆರಿಸುವುದು

ಜೂನಿಯರ್ ವರ್ಷದ, ಅಂದರೆ ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರಿಂದ ಡಿವಿಷನ್ 1 ಕೋಚ್‌ಗಳು ಹುಡುಗನಿಗೆ ನೇರವಾಗಿ ಮೆಸೇಜ್ ಮಾಡಬಹುದು. ಅದಕ್ಕೂ ಮುಂಚೆ ಹುಡುಗ ಅವರಿಗೆ ಬರೆಯಬಹುದು, ಅಡ್ಡಿಯಿಲ್ಲ. ಅವನೇ ಬರೆಯಲಿ. ಅಪ್ಪ ಬರೆದ ಇಮೇಲ್ ವಾಸನೆಯಲ್ಲೇ ಗೊತ್ತಾಗುತ್ತದಂತೆ.

ಮನೆಗೆ ಬರುವ "ನಮ್ಮ ಕ್ಯಾಂಪ್‌ಗೆ ಬನ್ನಿ" ಅನ್ನುವ ಇಮೇಲ್ ನೋಡಿ ಕನ್ನಡ ಸಂಘದಲ್ಲಿ ಸಿಹಿ ಹಂಚಬೇಡಿ. ಅದು ಸಾವಿರಾರು ಮಕ್ಕಳಿಗೆ ಹೋಗಿರುತ್ತದೆ, ಶುಲ್ಕ ನೀವೇ ಕಟ್ಟಬೇಕು. ಕೋಚ್ ಹೆಸರು ಹಿಡಿದು ಫೋನ್ ಮಾಡಿದರೆ, ಶಾಲೆಗೆ ಬಂದು ಟ್ರಾನ್ಸ್‌ಕ್ರಿಪ್ಟ್ ಕೇಳಿದರೆ, ಆಗ ನಿಜವಾದ ಆಸಕ್ತಿ.

ಮೆಟ್ಟಿಲುಗಳು ಹೀಗಿವೆ. ಟಿವಿಯಲ್ಲಿ ಕಾಣುವ ದೊಡ್ಡ ಕಾಲೇಜುಗಳು ಎಫ್‌ಬಿಎಸ್, 130ಕ್ಕೂ ಜಾಸ್ತಿ ಇವೆ. ಅದರ ಕೆಳಗೆ ಎಫ್‌ಸಿಎಸ್. ಇವೆರಡೂ ಡಿವಿಷನ್ 1. ಆಮೇಲೆ ಡಿವಿಷನ್ 2, ಎನ್‌ಎಐಎ ಅನ್ನುವ ಇನ್ನೊಂದು ಸಂಸ್ಥೆಯ ಸಣ್ಣ ಕಾಲೇಜುಗಳು, ಎರಡು ವರ್ಷದ ಜೂನಿಯರ್ ಕಾಲೇಜುಗಳು. ಇವುಗಳಲ್ಲಿ ಸ್ಕಾಲರ್‌ಶಿಪ್ ಬಹಳ ಸಲ ಭಾಗಶಃ. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಒಂದು ಡಾಲರೂ ಇಲ್ಲ. ಓದಿಗೆ, ಮನೆಯ ಆದಾಯ ನೋಡಿ ಕೊಡುವ ಸಹಾಯ ಮಾತ್ರ. ಹಾರ್ವರ್ಡ್, ಪ್ರಿನ್ಸ್‌ಟನ್ ಇರುವ ಐವಿ ಲೀಗ್ ಎಫ್‌ಸಿಎಸ್ ಆದರೂ ಅಲ್ಲೂ ಆಟದ ಸ್ಕಾಲರ್‌ಶಿಪ್ ಇಲ್ಲ.

ಡಿವಿಷನ್ 3 ಅಂದರೆ ಮೂಗು ಮುರಿಯುವ ನಮ್ಮವರಿಗೆ ಒಂದು ಮಾತು. ಎಂಐಟಿ ಫುಟ್‌ಬಾಲ್ ಆಡುವುದು ಡಿವಿಷನ್ 3ರಲ್ಲಿ. ಕಾರ್ನೆಗಿ ಮೆಲನ್, ಜಾನ್ಸ್ ಹಾಪ್‌ಕಿನ್ಸ್, ಯೂನಿವರ್ಸಿಟಿ ಆಫ್ ಶಿಕಾಗೊ ಕೂಡ. ಈಗ ಮುಖ ಅರಳಿತಲ್ವಾ! ಅಲ್ಲಿಂದ ಎನ್‌ಎಫ್‌ಎಲ್‌ಗೆ ಹೋಗುವುದು ತೀರಾ ಅಪರೂಪ, ಆದರೂ ಹೋಬರ್ಟ್ ಅನ್ನುವ ಡಿವಿಷನ್ 3 ಕಾಲೇಜಿನ ಅಲಿ ಮಾರ್ಪೆಟ್‌ನನ್ನು 2015ರಲ್ಲಿ ಟ್ಯಾಂಪಾ ಬೇ ತಂಡ ಎರಡನೇ ಸುತ್ತಿನಲ್ಲೇ ಆರಿಸಿತು.

ಯಾರೂ ಕರೆಯದಿದ್ದರೆ? ಜಾಶ್ ಆಲೆನ್ ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಸಣ್ಣ ಊರಿನ ರೈತರ ಮನೆ ಹುಡುಗ. ಹೈಸ್ಕೂಲ್ ಮುಗಿದಾಗ ದೊಡ್ಡ ಕಾಲೇಜು ಒಂದೂ ಕರೆಯಲಿಲ್ಲ. ರೀಡ್ಲಿ ಎಂಬ ಜೂನಿಯರ್ ಕಾಲೇಜಿಗೆ ಹೋದ, ಅಲ್ಲಿಂದ ವಯೋಮಿಂಗ್, 2018ರ ಡ್ರಾಫ್ಟ್‌ನಲ್ಲಿ ಏಳನೇ ಹೆಸರಾಗಿ ಎನ್‌ಎಫ್‌ಎಲ್‌ನ ಬಫಲೊ ಬಿಲ್ಸ್ ತಂಡ. ಇನ್ನೊಂದು ದಾರಿ ವಾಕ್-ಆನ್, ಅಂದರೆ ಸ್ಕಾಲರ್‌ಶಿಪ್ ಇಲ್ಲದೆ ಸ್ವಂತ ಖರ್ಚಿನಲ್ಲಿ ಸೇರಿ ಜಾಗ ಗೆಲ್ಲುವುದು. ಮುಂದೆ ಎನ್‌ಎಫ್‌ಎಲ್ ತಾರೆಯಾದ ಜೆ.ಜೆ. ವಾಟ್ ಒಂದು ಕಾಲೇಜಿನ ಸ್ಕಾಲರ್‌ಶಿಪ್ ಬಿಟ್ಟು ಬಂದು, ನಡುವೆ ಪೀಜಾ ಡೆಲಿವರಿ ಮಾಡಿ, ವಿಸ್ಕಾನ್ಸಿನ್‌ಗೆ ಹೀಗೆಯೇ ಸೇರಿದ್ದು. ಈಗ ಮಾತ್ರ ಈ ದಾರಿ ಇಕ್ಕಟ್ಟಾಗಿದೆ. ದೊಡ್ಡ ಕಾಲೇಜು ತಂಡಗಳಿಗೆ 2025ರಿಂದ 105 ಜನರ ಮಿತಿ ಬಂದಿದೆ. ಜೊತೆಗೆ ಬೇರೆ ಕಾಲೇಜಿನಿಂದ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಬರುವ ಪಳಗಿದ ಆಟಗಾರರನ್ನು ಕೋಚ್‌ಗಳು ಹೈಸ್ಕೂಲ್ ಹುಡುಗರಿಗಿಂತ ಮೊದಲು ನೋಡುತ್ತಾರೆ.

ಹೆಜ್ಜೆ 6: ಆಫರ್, ದುಡ್ಡು, ವೀಸಾ

ಕೋಚ್ ಬಾಯಲ್ಲಿ ಹೇಳಿದ ಆಫರ್‌ಗೆ ಬೆಲೆ ಬರುವುದು ಸಹಿ ಬಿದ್ದ ಮೇಲೆ. ಸಹಿಯ ದಿನಗಳು ಡಿಸೆಂಬರ್ ಮೊದಲ ವಾರ ಮತ್ತು ಫೆಬ್ರವರಿಯ ಮೊದಲ ಬುಧವಾರ. ಹಳೆಯ ಲೇಖನಗಳಲ್ಲಿ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಅಂತ ಓದಿರುತ್ತೀರಿ, ಅದನ್ನು 2024ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿದರು. ಈಗ ಸಹಿ ಬೀಳುವುದು ಹಣಕಾಸಿನ ನೆರವಿನ ಒಪ್ಪಂದಕ್ಕೆ. ಎಷ್ಟು ವರ್ಷಕ್ಕೆ, ಎಷ್ಟು ದುಡ್ಡು, ಗಾಯವಾದರೆ ಏನು, ಈ ಮೂರನ್ನು ಓದದೆ ಸಹಿ ಬೇಡ.

ಇನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದ ವಿಷಯ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದು, ಇದಕ್ಕೆ ಎನ್‌ಐಎಲ್ ಅನ್ನುತ್ತಾರೆ. 2025ರ ಜುಲೈಯಿಂದ ಕಾಲೇಜೇ ನೇರವಾಗಿ ದುಡ್ಡು ಕೊಡಬಹುದು. ಎಚ್-1ಬಿ ಕೆಲಸದ ವೀಸಾದಲ್ಲಿ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವವರ ಮಗು, ಅಮೆರಿಕದಲ್ಲಿ ಹುಟ್ಟಿರದಿದ್ದರೆ, ಸಾಮಾನ್ಯವಾಗಿ ಎಚ್-4 ವೀಸಾದಲ್ಲಿರುತ್ತದೆ. ಎಚ್-4 ಮಕ್ಕಳು ಕೆಲಸ ಮಾಡಿ ಸಂಪಾದಿಸುವಂತಿಲ್ಲ. ಹತ್ತಿರದ ಪಿಜ್ಜಾ ಅಂಗಡಿಯ ರೀಲ್‌ಗೆ ಮುಖ ತೋರಿಸಿ 200 ಡಾಲರ್ ತೆಗೆದುಕೊಂಡರೂ ವೀಸಾಕ್ಕೆ ಕುತ್ತು ಬರಬಹುದು. 21 ತುಂಬಿದರೆ ಎಚ್-4 ಮುಗಿಯಿತು, ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಬೇಕು. ಎಫ್-1ರಲ್ಲೂ ದುಡಿಮೆಗೆ ಕಟ್ಟುಪಾಡು ಬಿಗಿಯಾಗಿದೆ. ಆಟದ ಸ್ಕಾಲರ್‌ಶಿಪ್‌ಗೆ ಪೌರತ್ವ ಬೇಕಿಲ್ಲ, ಆದರೆ ಸರ್ಕಾರದ ಫೆಡರಲ್ ನೆರವು ಎಚ್-4ಗೆ ಸಿಗುವುದಿಲ್ಲ. ಇದನ್ನು ವಾಟ್ಸಾಪ್ ಗ್ರೂಪ್‌ನಲ್ಲಿ ಕೇಳಬೇಡಿ. ಇಮಿಗ್ರೇಷನ್ ಲಾಯರ್‌ಗೆ ಒಂದು ಗಂಟೆಯ ಫೀಸ್ ಕೊಟ್ಟು ಕೇಳಿ, ಅದೂ ಹನ್ನೊಂದನೇ ಕ್ಲಾಸಿನಲ್ಲೇ.

ಅಲ್ಲಿಂದ ಮುಂದೆ

ಇಲ್ಲಿಂದಾಚೆ ಅಪ್ಪ-ಅಮ್ಮನ ಕೈಯಲ್ಲಿ ಹೆಚ್ಚೇನೂ ಇಲ್ಲ, ಬೇಗ ಹೇಳಿಬಿಡುತ್ತೇನೆ. ಹೈಸ್ಕೂಲ್ ಮುಗಿದು ಮೂರು ವರ್ಷ ಆಗುವವರೆಗೆ ಎನ್‌ಎಫ್‌ಎಲ್ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಒಹಾಯೊ ಸ್ಟೇಟ್‌ನ ಮಾರಿಸ್ ಕ್ಲಾರೆಟ್ ಇದರ ವಿರುದ್ಧ ಕೋರ್ಟಿಗೆ ಹೋಗಿ 2004ರಲ್ಲಿ ಮೇಲ್ಮನವಿಯಲ್ಲಿ ಸೋತ. ಫೆಬ್ರವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಅನ್ನುವ ಮೈಬಲದ ಪರೀಕ್ಷೆ: 40 ಗಜ ಓಟ, ಜಿಗಿತ, 102 ಕೆಜಿ ಬೆಂಚ್ ಪ್ರೆಸ್. ಏಪ್ರಿಲ್‌ನಲ್ಲಿ ಡ್ರಾಫ್ಟ್. 32 ತಂಡ, 7 ಸುತ್ತು, ಸುಮಾರು 257 ಹೆಸರು. ಬೇಸಿಗೆಯಲ್ಲಿ ಒಂದೊಂದು ತಂಡದಲ್ಲಿ 90 ಜನ. ಆಗಸ್ಟ್ ಕೊನೆಗೆ ಉಳಿಯುವುದು 53. ಅದರ ಹೊರಗೆ 16 ಜನರ ಪ್ರಾಕ್ಟೀಸ್ ಸ್ಕ್ವಾಡ್. ಅಲ್ಲೂ ಸಿಗದವರಿಗೆ ಕೆನಡಾದ ಸಿಎಫ್‌ಎಲ್, ಇಲ್ಲಿನ ಯುಎಫ್‌ಎಲ್ ಅನ್ನುವ ಸಣ್ಣ ಲೀಗ್‌ಗಳು.

ಕಿಕ್ಕರ್ ಮಾತು ಬಂದಿತ್ತಲ್ಲ. ನಮ್ಮ ಪಕ್ಕದ ಪ್ಲೇನೊ ಊರಿನ ಬ್ರ್ಯಾಂಡನ್ ಆಬ್ರಿ ನೋಟ್ರ ಡೇಮ್‌ನಲ್ಲಿ ಆಡಿದ್ದು ಸಾಕರ್. 2017ರಲ್ಲಿ ಟೊರಾಂಟೊ ಎಫ್‌ಸಿ ಅನ್ನುವ ಸಾಕರ್ ತಂಡ ಆರಿಸಿತು, ಆದರೆ ಅದು ಹೆಚ್ಚು ದಿನ ನಡೆಯಲಿಲ್ಲ. ವಾಪಸ್ ಬಂದು ಸಾಫ್ಟ್‌ವೇರ್ ಇಂಜಿನಿಯರ್ ಆದ. ಒಂದು ದಿನ ಟಿವಿಯಲ್ಲಿ ಪಂದ್ಯ ನೋಡುತ್ತಿದ್ದಾಗ ಕಿಕ್ಕರ್‌ನನ್ನು ತೋರಿಸಿ ಹೆಂಡತಿ, ನೀನೂ ಇದನ್ನು ಮಾಡಬಲ್ಲೆ ಅಂದಳಂತೆ. ಅಭ್ಯಾಸ ಶುರು ಮಾಡಿ, ಯುಎಸ್‌ಎಫ್‌ಎಲ್ ಅನ್ನುವ ಸಣ್ಣ ಲೀಗ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಒದ್ದು, 2023ರಲ್ಲಿ ಡಲ್ಲಾಸ್ ಕೌಬಾಯ್ಸ್ ಸೇರಿದ. ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗಳಲ್ಲಿ ಮೊದಲ 35ರಲ್ಲಿ ಒಂದೂ ತಪ್ಪಲಿಲ್ಲ.

ಈ ಕಥೆ ಹೇಳಿದ ಮೇಲೆ ನನ್ನ ಹೆಂಡತಿ ನನ್ನನ್ನೇ ಮೇಲಿಂದ ಕೆಳಗೆ ನೋಡಿ, ನೀವೂ ಸಾಫ್ಟ್‌ವೇರ್ ಇಂಜಿನಿಯರೇ ಅಲ್ವಾ ಎಂದಳು. ಹಿತ್ತಲಲ್ಲಿ ಮಗ ಚೆಂಡು ಹಿಡಿದು ಕೂತ. ಓಡಿ ಬಂದು ಒದ್ದೆ. ಚೆಂಡು ಪಕ್ಕದ ಮನೆಯ ಬೇಲಿಯಾಚೆ ಬಿತ್ತು, ಚಪ್ಪಲಿ ಅದಕ್ಕಿಂತ ದೂರ ಹೋಯಿತು.